ಕಿವಿಯ ಮಡಿಕೆಯಲ್ಲಿ ವಾಳಾ

ನಮ್ಮ ಮನೆಯವರು ಬಸ್ ಓಡಿಸುತ್ತಿದ್ದರು. ಬೈಲಹೊಂಗಲದಿಂದ ಸವದತ್ತಿ, ಸವದತ್ತಿಯಿಂದ ರಾಮದುರ್ಗ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಬೇಸಿಗೆಯಲ್ಲಿ ಡ್ರೈವರನ ಸೀಟೆಂದರೆ ಒಲೆಯ ಮುಂದೆ ಕುಳಿತ ಹಾಗೆ. ಎಡಗಡೆ ಎಂಜಿನ್ ಕಾಯುತ್ತದೆ, ಎದುರಿನ ಗಾಜಿನಿಂದ ಬಿಸಿಲು ಮುಖಕ್ಕೇ ಹೊಡೆಯುತ್ತದೆ, ಕಾಲ ಕೆಳಗಿನ ತಗಡು ಬೂಟು ದಾಟಿ ಸುಡುತ್ತದೆ. ಅದಕ್ಕೇ ಯುಗಾದಿ ಮುಗಿದದ್ದೇ ಅವರು ಕಪಾಟಿನಿಂದ ಒಂದು ಸಣ್ಣ ಗಾಜಿನ ಶೀಶೆ ಹೊರಗೆ ತೆಗೆಯುತ್ತಿದ್ದರು. ಅದರಲ್ಲಿ ವಾಳಾದ ಅತ್ತರು ಇರುತ್ತಿತ್ತು. ಲಾವಂಚದ ಬೇರಿಗೆ ನಮ್ಮ ಕಡೆ ವಾಳಾ ಎನ್ನುತ್ತಾರೆ.

ಖಾಕಿ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಬಾಗಿಲ ಹತ್ತಿರ ನಿಂತು ಅವರು ಒಂದು ಚಿಟಿಕೆ ಹತ್ತಿ ಕೇಳುತ್ತಿದ್ದರು. ದೀಪದ ಬತ್ತಿಗೆಂದು ಇಟ್ಟ ಹತ್ತಿಯಲ್ಲಿ ನಾನು ಸ್ವಲ್ಪ ಕಿತ್ತು ಕೊಡುತ್ತಿದ್ದೆ. ಅದನ್ನು ಕಡಲೆಕಾಳಿನಷ್ಟು ಉಂಡೆ ಮಾಡಿ, ಶೀಶೆಯ ಬಾಯಿಗೆ ಒತ್ತಿ, ಬಲಗಿವಿಯ ಮೇಲಿನ ಮಡಿಕೆಯಲ್ಲಿ ಸಿಗಿಸಿಕೊಳ್ಳುತ್ತಿದ್ದರು. ಬೆರಳಿಗೆ ಅಂಟಿದ್ದನ್ನು ಮೀಸೆಗೆ ಒರೆಸುತ್ತಿದ್ದರು. ಡ್ರೈವರನ ಕಿಡಕಿ ಬಲಗಡೆ ಇರುತ್ತದಲ್ಲ, ಅಲ್ಲಿಂದ ನುಗ್ಗುವ ಸುಡುಗಾಳಿ ಮೊದಲು ಆ ಹತ್ತಿಗೆ ತಾಗಿ ಆಮೇಲೆ ಮುಖಕ್ಕೆ ಬರುತ್ತದೆ, ಬಂದಾಗ ತಣ್ಣಗಾಗಿರುತ್ತದೆ ಎನ್ನುತ್ತಿದ್ದರು. ತಣ್ಣಗೆ ಹೇಗಾಗುತ್ತದೆ ಎಂದು ನಾನು ಕೇಳಲಿಲ್ಲ. ಅವರಿಗೆ ಹಾಗೆ ಅನಿಸುತ್ತಿತ್ತು.

ಒಮ್ಮೆ ನಾನು ಅವರ ಬಸ್ಸಿನಲ್ಲೇ ರಾಮದುರ್ಗಕ್ಕೆ ಹೊರಟಿದ್ದಾಗ ಕಂಡಕ್ಟರು ಮುಂದೆ ಬಂದು ಮೂಗು ಅರಳಿಸಿ, “ಏನ್ರೀ ಡ್ರೈವರ್ ಸಾಹೇಬ್ರ, ಇವತ್ತ ಯಾರ ಮದವಿ?” ಅಂದ.

“ನಿಂದ. ಎರಡನೇದ. ಮೊದಲ ಟಿಕೇಟ ಹರಿ, ಆಮ್ಯಾಲೆ ಬಾಸಿಂಗ ಕಟ್ಟಸ್ತೇನಿ,” ಅಂದರು ಇವರು, ರಸ್ತೆಯಿಂದ ಕಣ್ಣು ಕದಲಿಸದೆ.

ವಾಳಾ ಹೂವಿನ ಹಾಗೆ ಮುಂದೆ ಬಂದು ನಿಲ್ಲುವ ವಾಸನೆಯಲ್ಲ. ಹೊಸ ಗಡಿಗೆಗೆ ಮೊದಲ ಸಲ ನೀರು ಹಾಕಿದಾಗ ಏಳುವ ವಾಸನೆ ಅದರಲ್ಲಿ ಅರ್ಧ, ನೀರಿನ ದಂಡೆಯ ಹುಲ್ಲನ್ನು ಬೇರುಸಮೇತ ಕಿತ್ತಾಗಿನದು ಅರ್ಧ. ಆದರೆ ಸಂಜೆ ಅವರು ಮನೆಗೆ ಬರುವಷ್ಟರಲ್ಲಿ ಅದು ಶೀಶೆಯೊಳಗಿನ ವಾಸನೆಯಾಗಿ ಉಳಿದಿರುತ್ತಿರಲಿಲ್ಲ. ಬೆವರು, ಧೂಳು, ಡೀಸೆಲ್ಲು, ಅವರ ಮೈ ಎಲ್ಲ ಕೂಡಿ ಬೇರೆಯೇ ಒಂದು ಆಗಿರುತ್ತಿತ್ತು. ಅವರು ಕಟ್ಟೆಯ ಮೇಲೆ ಕುಳಿತು ಬೂಟು ಬಿಚ್ಚುವಾಗ ನಾನು ಚಹಾ ಕೊಟ್ಟು, ಬೇಕಂತಲೇ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದೆ. ಕುಡಿದ ಕಪ್ಪು, ಬಸಿ ತಿರುಗಿ ಒಯ್ಯಲು ನಿಂತಿದ್ದೇನೆ ಎಂದು ಅವರು ತಿಳಿದಿರಬೇಕು.

ಹೋದ ವರ್ಷ ಬಸವ ಜಯಂತಿಗೆ ಮುಂಚೆ ಅವರು ತೀರಿಕೊಂಡರು. ಆ ಸಂಜೆಯ ವಾಸನೆ ಇನ್ನೊಂದು ಸಲ ಸಿಕ್ಕರೆ ಸಾಕು ಎನ್ನುವುದೊಂದೇ ಈ ಬೇಸಿಗೆಯಲ್ಲಿ ನನಗಿದ್ದ ಆಸೆ. ಮುಖ ನೆನಪಿದೆ, ಫೋಟೋ ಇದೆ. ದನಿ ಮಗನ ಫೋನಿನಲ್ಲಿದೆ. ವಾಸನೆಯನ್ನು ಎಲ್ಲಿ ಇಟ್ಟುಕೊಳ್ಳಬೇಕು?

ಅವರು ಇದ್ದಾಗ ಬೇಸಿಗೆಯ ಜೊತೆಗೇ ಮನೆಗೆ ವಾಸನೆಗಳೂ ಬರುತ್ತಿದ್ದವು. ದವನದ ಹುಣ್ಣಿಮೆಯ ಹಿಂದೆ ಮುಂದೆ ಸವದತ್ತಿಯ ಗುಡ್ಡದಿಂದ ಇಳಿದ ಹೆಣ್ಣುಮಕ್ಕಳು ಬಸ್ಸು ತುಂಬ ಕುಳಿತಿರುತ್ತಿದ್ದರು, ಎಲ್ಲರ ಉಡಿಯಲ್ಲೂ ದವನ. ಯಾವಳೋ ಒಬ್ಬಾಕೆ ಹೂಲಿಯ ಹತ್ತಿರ ಇಳಿಯುವಾಗ ಒಂದು ಎಸಳು ಡ್ರೈವರನ ಮುಂದೆ ಇಟ್ಟು ಹೋಗುತ್ತಿದ್ದಳು. ಸಂಜೆಗೆ ಅದು ಬಾಡಿ, ಒಣಗಿ, ಇನ್ನಷ್ಟು ಸಿಹಿಯಾಗಿ ಅವರ ಜೇಬಿನಿಂದ ಹೊರಗೆ ಬರುತ್ತಿತ್ತು. ನಾನು ಅದನ್ನು ಸೀರೆಗಳ ನಡುವೆ ಇಡುತ್ತಿದ್ದೆ. ಮಲ್ಲಿಗೆ ಇದ್ದ ದಿನ ಒದ್ದೆ ಕರವಸ್ತ್ರದಲ್ಲಿ ಮಲ್ಲಿಗೆ. ಏನೂ ಇಲ್ಲದ ದಿನ ಎರಡು ನಿಂಬೆಹಣ್ಣು. ಅವುಗಳನ್ನು ಕೊಡುವ ಮೊದಲು ಸಿಪ್ಪೆಯನ್ನು ಉಗುರಿನಿಂದ ಗೀರಿ, “ಮೂಸಿ ನೋಡ,” ಎನ್ನುತ್ತಿದ್ದರು.

ಪಡಸಾಲೆಯ ಮೂಲೆಯಲ್ಲಿ ಕುಡಿಯುವ ನೀರಿನ ರಂಜಣಿಗೆ ಇತ್ತು. ದೊಡ್ಡ ಮಣ್ಣಿನ ಪಾತ್ರೆ. ಅದರೊಳಗೆ ವಾಳಾದ ಬೇರಿನ ಸಣ್ಣ ಗಂಟನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಬಿಡುತ್ತಿದ್ದೆ. ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಕಾಣದ ಹೊತ್ತು, ಫರಸಿ ನೆಲ ಒರೆಸಿ ಹಾಗೇ ಅದರ ಮೇಲೆ ಮಲಗಿಬಿಡುತ್ತಿದ್ದೆ. ಕಲ್ಲಿನ ತಂಪು ಬೆನ್ನಿಗೆ, ರಂಜಣಿಗೆಯ ತಂಪು ಮೂಗಿಗೆ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಕಿತ್ತೂರಿನ ತವರುಮನೆಯಲ್ಲಿ ಇದೇ ಹೊತ್ತಿಗೆ ನಮ್ಮವ್ವ ಗಂಧ ತೇಯ್ದು ನಮ್ಮೆಲ್ಲರ ಹಣೆಗೆ ಮೆತ್ತುತ್ತಿದ್ದಳು. ಅದು ಒಣಗುತ್ತ ಚರ್ಮವನ್ನು ಬಿಗಿಹಿಡಿಯುವಾಗ ಯಾರೋ ದೂರದಿಂದ ನನ್ನನ್ನು ಕರೆದ ಹಾಗೆ ಆಗುತ್ತಿತ್ತು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೂ, ಬೈಲಹೊಂಗಲದ ನೆಲದ ಮೇಲೆ ಮಲಗಿ ಕಣ್ಣು ಮುಚ್ಚಿದರೆ ಯಾವ ಮನೆಯಲ್ಲಿದ್ದೇನೆ ಎಂದು ಸ್ವಲ್ಪ ಹೊತ್ತು ತಿಳಿಯುತ್ತಿರಲಿಲ್ಲ. ಆಮೇಲೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿ ಎದ್ದು ಕೂಡುತ್ತಿದ್ದೆ.

ಅವರು ಹೋದ ದಿನ ಆ ಶೀಶೆಯನ್ನು ನನ್ನ ನಾದಿನಿ ಅವರ ಜೇಬಿಗೆ ಹಾಕಿದಳು. ಅವರ ಒಬ್ಬಳೇ ತಂಗಿ, ರಾಮದುರ್ಗಕ್ಕೆ ಕೊಟ್ಟಿದ್ದೇವೆ. “ಅಣ್ಣ ಅಲ್ಲೂ ಬಿಸಲಾಗ ಗಾಡಿ ಹೊಡೀತಾನ, ಇರಲಿ,” ಅಂದಳು. ಯಾರೂ ಬೇಡ ಅನ್ನಲಿಲ್ಲ. ಮಣ್ಣಿನ ಜೊತೆಗೆ ಅದೂ ಹೋಯಿತು. ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟೆವು, ಸತ್ತವರ ಬಟ್ಟೆ ಮನೆಯಲ್ಲಿ ಇಡುವುದಿಲ್ಲ. ಬಚ್ಚಲ ಬಾಗಿಲ ಹಿಂದಿನ ಗೂಟಕ್ಕೆ ಒಂದು ಖಾಕಿ ಅಂಗಿ ಉಳಿದಿತ್ತು, ಒಗೆಯದ್ದು. ಅದನ್ನು ಟವೆಲ್ಲಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಮಳೆಗಾಲದಲ್ಲಿ, ಚಳಿಯಲ್ಲಿ, ಮನೆಯಲ್ಲಿ ಯಾರೂ ಇಲ್ಲದಾಗ ಟ್ರಂಕಿನ ಮುಚ್ಚಳ ತೆರೆದು ಮುಖ ಒಳಗಿಡುತ್ತಿದ್ದೆ. ಕಾಲರಿನ ಹತ್ತಿರ ಅವರಿದ್ದರು. ಬಹಳ ಹೊತ್ತು ತೆರೆದಿಟ್ಟರೆ ತೀರಿಹೋದೀತು ಎಂದು ತಟ್ಟನೆ ಮುಚ್ಚುತ್ತಿದ್ದೆ.

ಈ ವರ್ಷ ಶಿವರಾತ್ರಿ ಮುಗಿದ ಮೇಲೆ ನನ್ನ ಸೊಸೆ ಹಾಸಿಗೆ ಹೊದಿಕೆ ಎಲ್ಲ ಬಿಸಿಲಿಗೆ ಹಾಕಿ, ಟ್ರಂಕುಗಳನ್ನು ಒರೆಸಿ ಇಟ್ಟಳು. ಒಳ್ಳೆಯ ಹುಡುಗಿ, ಹೇಳದೆ ಕೆಲಸ ಮಾಡುತ್ತಾಳೆ. ಸಂಜೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, ಮೆಲ್ಲಗೆ ಅಂದಳು:

“ಅತ್ತ್ಯಾರ, ಮಾವಾರ ಅಂಗಿ ತೆಗದಿಲ್ರಿ. ಅಲ್ಲೇ ಐತಿ. ನುಸಿ ಹತ್ತಬಾರದಂತ ಡಾಂಬರ ಗುಳಿಗಿ ಹಾಕೇನ್ರಿ. ಕೈ ತುಂಬ ಹಾಕೇನಿ.”

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಕೇಳಿರಲಿಲ್ಲ. ಈಗ ತನಗೆ ತಿಳಿದ ಹಾಗೆ ಆ ಅಂಗಿಯನ್ನು ಕಾಪಾಡಿದ್ದಳು.

“ಛಲೋ ಮಾಡಿದಿ ನೋಡವ್ವಾ,” ಅಂದೆ.

ಮರುದಿನ ಟ್ರಂಕು ತೆರೆದೆ. ಬಿಳೀ ಗುಳಿಗೆಗಳು ಅಂಗಿಯ ಮಡಿಕೆಗಳಲ್ಲಿ, ಜೇಬಿನಲ್ಲಿ, ಕಾಲರಿನ ಕೆಳಗೆ. ಶಾಲೆಯ ಮೂತ್ರಿಮನೆಯ ವಾಸನೆ ಮುಖಕ್ಕೆ ಹೊಡೆಯಿತು. ಗುಳಿಗೆಗಳನ್ನೆಲ್ಲ ಆರಿಸಿ ತೆಗೆದು, ಅಂಗಿಯನ್ನು ಒಳಕೋಣೆಯ ಹಗ್ಗಕ್ಕೆ ಹಾಕಿ ಕಾದೆ. ದಿನಗಳು ಹೋದವು. ಡಾಂಬರ ಗುಳಿಗೆ ಬಿಡುತ್ತ ಬಂತು, ಅದರ ಕೆಳಗೆ ಮಾತ್ರ ಏನೂ ಇರಲಿಲ್ಲ. ಬರೀ ಬಟ್ಟೆ, ಅಂಗಡಿಯಲ್ಲಿ ಹೊಲಿಸಿ ತಂದ ದಿನದ ಹಾಗೆ.

ಸೊಸೆಗೆ ಹೇಳಲಿಲ್ಲ. ಹೇಳಿದರೆ ಅವಳು ಜೀವನಪೂರ್ತಿ ಅದನ್ನು ಹೊರಬೇಕು.

ಹೀಗಾಗಿಯೇ ನಾನು ಅತ್ತರಿನ ಅಂಗಡಿಗೆ ಹೋದದ್ದು. ಪೇಟೆಯಲ್ಲಿ ಬಳೆಗಾರರ ಸಾಲಿನ ತುದಿಗೆ ಒಂದು ಸಣ್ಣ ಅಂಗಡಿ, ಗೋಡೆಯ ತುಂಬ ಗಾಜಿನ ಮುಚ್ಚಳದ ಶೀಶೆಗಳು. ಆ ಬೀದಿಯಲ್ಲಿ ನಾನು ಮೊದಲು ಎರಡು ಸಲ ಹಾದುಹೋದೆ. ಗಂಡ ಸತ್ತಾಕೆಗೆ ಅತ್ತರಿನ ಅಂಗಡಿಯಲ್ಲಿ ಏನು ಕೆಲಸ ಎಂದು ಯಾರಾದರೂ ಅಂದರೆ? ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಹಚ್ಚಿಕೊಳ್ಳಬೇಡ ಅನ್ನುವುದಿಲ್ಲ. ಹೂ ಕೊಡುವಾಗ ತಟ್ಟೆ ನಮ್ಮನ್ನು ದಾಟಿ ಮುಂದೆ ಹೋಗುತ್ತದೆ, ಅಷ್ಟೇ.

“ಬರ್ರಿ ಅಕ್ಕಾರ, ಕುಂದರ್ರಿ,” ಅಂದ ಅಂಗಡಿಯವನು. ವಾಳಾ ಎಂದೆ. ಎಲ್ಲ ಗಿರಾಕಿಗಳಿಗೆ ಗಾಜಿನ ಕಡ್ಡಿಯಿಂದ ಅಂಗೈ ಹಿಂದೆ ಹಚ್ಚಿ ತೋರಿಸುತ್ತಾನೆ. ನನ್ನ ಹಣೆಯ ಮೇಲೆ ಬರೀ ವಿಭೂತಿ ಇದ್ದದ್ದು ನೋಡಿ, ಕಡ್ಡಿಯನ್ನು ಒಂದು ಕಾಗದದ ತುಂಡಿಗೆ ಒತ್ತಿ ಕೊಟ್ಟ. “ಮಗಗೇನ್ರಿ?”

ಹೂಂ ಅಂದೆ. ಆಮೇಲೆ ತಡೆಯಲಾರದೆ, “ಡ್ರೈವರ್ ಸಾಹೇಬ್ರು ಒಯ್ತಿದ್ರಲ್ಲ, ಅದ ಕೊಡ್ರಿ,” ಅಂದೆ.

ಅವನ ಕೈ ಸ್ವಲ್ಪ ನಿಂತಿತು. “ಅದ ಐತ್ರಿ ಇದು. ಏನೂ ಬದಲ ಆಗಿಲ್ರಿ,” ಎಂದು ಹೇಳಿ ಶೀಶೆಯನ್ನು ಕಂಠದ ತನಕ ತುಂಬಿಸಿ ಕೊಟ್ಟ.

ಬದಲಾಗಿರಲಿಲ್ಲ. ಕಾಗದದಲ್ಲಿ ಬಂದದ್ದು ಬೆಳಿಗ್ಗೆ ಬಾಗಿಲ ಹತ್ತಿರದ ವಾಸನೆ, ಅವರು ಹೊರಡುವ ಮೊದಲಿನದು. ನನಗೆ ಬೇಕಾದದ್ದು ಅವರು ಬಂದ ಮೇಲಿನದು. ಹತ್ತಿಗೆ ಹಚ್ಚಿ ಕಿಡಕಿಯಲ್ಲಿಟ್ಟೆ. ಅಂಗಿಯ ಕಾಲರಿಗೆ ಒಂದು ಹನಿ ಹಾಕಿದೆ, ಅಳಿದುಳಿದ ಡಾಂಬರ ಗುಳಿಗೆಯ ಜೊತೆ ಸೇರಿ ದವಾಖಾನೆಯಲ್ಲಿ ಊದಿನಕಡ್ಡಿ ಹಚ್ಚಿದ ಹಾಗಾಯಿತು. ಒಂದು ದಿನ ಅಡಿಗೆಮನೆಯಲ್ಲಿ ನಿಂತು ನನ್ನ ಮುಂಗೈಗೇ ಹಚ್ಚಿಕೊಂಡು ನೋಡಿದೆ. ಮೂಗಿಗೆ ಒಯ್ಯುವಷ್ಟರಲ್ಲಿ ಹಿತ್ತಲ ಗೋಡೆಯ ಆಚೆಯಿಂದ ಪಕ್ಕದ ಮನೆಯ ಅಜ್ಜಿಯ ದನಿ:

“ಏ ಯವ್ವಾ, ಯಾರ ಬಂದಾರ ನಿಮ್ಮನ್ಯಾಗ? ಘಮ್ಮ್ ಅನ್ನಾಕ ಹತ್ತೈತಿ.”

“ಯಾರೂ ಇಲ್ಲಬೇ. ಸೊಸಿ ನೆಲ ಒರಿಸ್ಯಾಳ.”

ಅದು ಪೂರ್ತಿ ಸುಳ್ಳಲ್ಲ. ಸೊಸೆ ನೆಲ ಒರೆಸುವ ನೀರಿಗೆ ನಿಂಬೆ ವಾಸನೆಯ ಮಜ್ಜಿಗೆ ಹುಲ್ಲಿನ ಎಣ್ಣೆ ಎರಡು ಹನಿ ಹಾಕುತ್ತಾಳೆ. ಫೋನಿನಲ್ಲಿ ನೋಡಿ ತರಿಸಿದ್ದು, ನೊಣ ಬರುವುದಿಲ್ಲವಂತೆ, ಮನೆ ತಂಪೆನಿಸುತ್ತದಂತೆ. ಅನಿಸುತ್ತದೆ ಕೂಡ.

“ನೆಲಕ್ಕ ಇಷ್ಟ್ ಘಮ ಆದ್ರ, ದೇವರಿಗೆ ಏನ ಉಳಸೀರಿ?” ಅಂದಳು ಅಜ್ಜಿ. ನಾನು ಬೇಗ ಬೇಗ ನಿಂಬೆ ಹೋಳಿನಿಂದ ಮುಂಗೈ ತಿಕ್ಕಿ ತೊಳೆದುಕೊಂಡೆ.

ಕಡೆಗೆ ಮಗನ ಹತ್ತಿರ ಹೋದೆ. ಅವನು ಪೇಟೆಯಲ್ಲಿ ಫ್ಯಾನು, ಮಿಕ್ಸರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಬೆಳಿಗ್ಗೆ ಅವನು ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ, ಹತ್ತಿ ಉಂಡೆ ಮಾಡಿ ಶೀಶೆಯ ಬಾಯಿಗೆ ಒತ್ತಿ, “ಕಿವ್ಯಾಗ ಇಟಕೋ. ಬಿಸಲ ಭಾಳ ಐತಿ,” ಅಂದೆ.

ಅವನು ಹತ್ತಿಯನ್ನು ನೋಡಿದ, ನನ್ನನ್ನು ನೋಡಿದ. ತಲೆ ಬಗ್ಗಿಸಿ ಬಲಗಿವಿ ಮುಂದೆ ಮಾಡಿದ. ನಾನೇ ಇಟ್ಟೆ. ಸಂಜೆ ಬಂದಾಗ ಅವನೇ ಹತ್ತಿರ ಬಂದು ನಿಂತ. ಕಾಯಿಸಿದ ತಂತಿ, ಸೋಪು, ಅದರ ನಡುವೆ ವಾಳಾ ತಿಳಿಯಾಗಿ, ಸಿಹಿಯಾಗಿ. ಕಿತ್ತೂರಿನಲ್ಲಿ ನಮ್ಮಣ್ಣ ಹೊಲದಿಂದ ಬಂದು ನಿಂತರೆ ಹೀಗೇ ಇರುತ್ತಿತ್ತು. ಮುಖ ಮೂಗಷ್ಟೇ ಅಲ್ಲ, ಚರ್ಮವೂ ನನ್ನ ತವರಿನದೇ ಬಂದಿದೆ ಹುಡುಗನಿಗೆ.

“ಬಂತೇನಬೇ?” ಅಂದ. ಅವನಿಗೆ ಎಲ್ಲ ತಿಳಿದಿತ್ತು.

“ಇಲ್ಲಪ್ಪಾ. ನೀ ನಿಮ್ಮ ಸ್ವಾದರಮಾವ ಆಗಿದಿ,” ಅಂದೆ. ಇಬ್ಬರೂ ಸ್ವಲ್ಪ ನಕ್ಕೆವು. ಮರುದಿನವೂ ನಾನು ಹೇಳದೆಯೇ ಅವನು ಕಿವಿ ಮುಂದೆ ಮಾಡಿದ. ನಾನು ಬೇಡ ಅಂದೆ.

ನಾದಿನಿಯ ಮಗಳ ಮದುವೆ ಹೋದ ವರ್ಷವೇ ಆಗಬೇಕಿತ್ತು. ಇವರು ಹೋದದ್ದರಿಂದ ಮುಂದೆ ಹೋಗಿ, ಈ ವರ್ಷ ಇವರ ವರುಷದ ಕಾರ್ಯ ಮುಗಿದ ಮೇಲೆ ರಾಮದುರ್ಗದಲ್ಲಿ ಇಟ್ಟುಕೊಂಡರು. ಗಂಡಿನವರು ಅಲ್ಲೇ ತೊರಗಲ್ಲಿನವರು. ನಾನು ಬರುವುದಿಲ್ಲ, ಮಗ ಸೊಸೆ ಬರುತ್ತಾರೆ ಎಂದು ಹೇಳಿ ಕಳಿಸಿದ್ದೆ. ನಾದಿನಿ ಫೋನು ಮಾಡಿದಳು.

“ವೈನಿ, ಬಾಗಲದಾಗಿನ ಅತ್ತರ, ಪನ್ನೀರ ನಂದು ಅಂತ ಅಣ್ಣ ಹೇಳಿದ್ದ. ಸ್ವಾದರಮಾವನ ಕಡಿಂದ. ಈಗ ಅವನ ಕಡಿಂದ ನೀನ ತರಬೇಕ. ತರಲಿಲ್ಲಂದ್ರ ನಾ ಬೀಗರಿಗೆ ಬೋರಿನ ನೀರ ಉಗ್ಗಸ್ತೇನಿ. ಇವರ ಸ್ವಾದರಮಾವನ ಮನಿಯವರು ಹಿಂಗ ಅಂತ ಊರೆಲ್ಲಾ ಆಡಕೋಳಲಿ.”

“ನಾ ಬಂದ್ರ ಹೆಂಗಾದೀತವ್ವಾ?”

“ಬಸ್ಸಿನ್ಯಾಗ ಕುಂತ ಬಂದ್ರ ಆಗತೈತಿ,” ಅಂದು ಫೋನು ಇಟ್ಟಳು.

ಹಾಗೆ ನಾನು ಪನ್ನೀರಿನ ಬಾಟಲಿ ಚೀಲದಲ್ಲಿಟ್ಟು, ಆ ಶೀಶೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಮಗ ಸೊಸೆಯ ಜೊತೆ ಅವರ ದಾರಿಯಲ್ಲೇ ಹೊರಟೆ. ಬಸ್ಸು ಬೇರೆ, ಡ್ರೈವರು ಬೇರೆ, ಎಳೆಯ ಹುಡುಗ. ಕಿವಿಯಲ್ಲಿ ಹತ್ತಿ ಇರಲಿಲ್ಲ, ಹಾಡು ಕೇಳುವ ವೈರು ಇತ್ತು. ಸವದತ್ತಿ ದಾಟಿದ ಮೇಲೆ ಬಿಸಿಲು ಏರಿತು. ಕರೀ ಹೊಲಗಳು ಬಿರುಕು ಬಿಟ್ಟು ಮಲಗಿದ್ದವು, ಅವುಗಳ ಮೇಲೆ ಗಾಳಿ ನೀರಿನ ಹಾಗೆ ನಡುಗುತ್ತಿತ್ತು. ದೂರದ ಗಿಡಗಳು ನೆಲ ಬಿಟ್ಟು ತೇಲುತ್ತಿದ್ದವು. ನನಗೆ ಜೊಂಪು ಹತ್ತಿತು. ಆ ನೀರಿನಂಥ ಗಾಳಿಯಲ್ಲಿ ಬಸ್ಸು ಸದ್ದಿಲ್ಲದೆ ಹೋಗುತ್ತಿದೆ, ಎಲ್ಲ ಸೀಟುಗಳಲ್ಲಿ ಹೆಂಗಸರು ಉಡಿ ತುಂಬ ಏನನ್ನೋ ಹಿಡಿದು ನಿದ್ದೆ ಮಾಡುತ್ತಿದ್ದಾರೆ, ಯಾರೂ ಇಳಿಯುವವರಿಲ್ಲ ಎಂದು ಕಾಣುತ್ತಿತ್ತು. ಸೊಸೆ ಭುಜ ಮುಟ್ಟಿ ಎಬ್ಬಿಸಿದಾಗ ರಾಮದುರ್ಗ ಬಂದಿತ್ತು.

ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಹೊಸ ಸೀರೆಯ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳ ಕೈಯಲ್ಲಿ ಪನ್ನೀರಿನ ಗುಲಾಬದಾನಿ. ಇನ್ನೊಬ್ಬಳಿಗೆ ನಾನು ತಂದ ಶೀಶೆಯನ್ನು ಕೊಟ್ಟೆವು. ಅವಳು ಅದನ್ನು ಬೆಳ್ಳಿ ಬಟ್ಟಲಿಗೆ ಸುರಿದುಕೊಂಡು, ಬಂದವರ ಅಂಗೈ ಹಿಂದೆ ಕಡ್ಡಿಯಿಂದ ಹಚ್ಚತೊಡಗಿದಳು. “ಆಹಾ, ವಾಳಾ! ಜೀವ ತಣ್ಣಗಾತ ನೋಡವ್ವಾ,” ಎಂದು ಒಬ್ಬ ಮುದುಕ ಎರಡೂ ಕೈ ಮುಂದೆ ಮಾಡಿದ. ಸೊಸೆಗೆ ಹಚ್ಚಿದಳು, ಮಗನಿಗೆ ಹಚ್ಚಿದಳು. ನನ್ನ ಮುಂದೆ ಬಂದಾಗ ಅವಳ ಕಡ್ಡಿ ನಿಂತಿತು. ಹುಡುಗಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವಳು ಕಷ್ಟಪಡಬಾರದೆಂದು ನಾನೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಸೊಸೆಯ ಹಿಂದಿನಿಂದ ಒಳಗೆ ಹೋದೆ.

ಅಕ್ಕಿಕಾಳು ಬಿದ್ದವು. ಊಟ ಆಯಿತು. ಗೋಧಿ ಹುಗ್ಗಿ, ಬದನೆಕಾಯಿ, ಅನ್ನ, ಕಟ್ಟಿನ ಸಾರು. ಮಧ್ಯಾಹ್ನದ ಬಿಸಿಲಿಗೆ ತಗಡಿನ ಚಪ್ಪರ ಟಪ್ ಟಪ್ ಎಂದು ಸಿಡಿಯುತ್ತಿತ್ತು. ಮದುಮಗಳನ್ನು ಕಳಿಸುವುದು ಸಂಜೆಗೆ. ನಾನು ಹಿಂದಿನ ಕೋಣೆಗೆ ಹೋದೆ. ಅಲ್ಲಿ ಪಾತ್ರೆ, ಅಕ್ಕಿ ಚೀಲ, ಹುಡುಗಿಯ ಹೊಸ ಟ್ರಂಕು ಇಟ್ಟಿದ್ದರು. ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಕರೆಂಟು ಹೋಗಿತ್ತು. ಹೊರಗಿನ ಮಾತುಗಳು ಮೆಲ್ಲಗೆ ದೂರ ಸರಿದವು.

ನಿದ್ದೆಯಲ್ಲಿ ನಾನು ನಮ್ಮ ಮನೆಯ ಕಟ್ಟೆಯ ಹತ್ತಿರ ನಿಂತಿದ್ದೆ. ಯಾರೂ ಕಾಣಲಿಲ್ಲ. ಬೂಟಿನ ಸದ್ದೂ ಇರಲಿಲ್ಲ. ವಾಸನೆಯಷ್ಟೇ ಬಂತು. ಕಾಲರಿನಲ್ಲಿದ್ದದ್ದಕ್ಕಿಂತ ಗಟ್ಟಿಯಾಗಿ, ಬಿಸಿಯಾಗಿ, ಈಗತಾನೆ ಗಾಡಿ ಇಳಿದು ಬಂದ ಮೈಯದು. ಕನಸಿನಲ್ಲೇ ನಾನು ಅಂದುಕೊಂಡೆ, ಕಣ್ಣು ತೆರೆಯಬಾರದು. ಆದರೂ ಎಚ್ಚರವಾಯಿತು. ಎಚ್ಚರವಾದ ಮೇಲೂ ವಾಸನೆ ಹೋಗಲಿಲ್ಲ. ಗೋಡೆ ಕಣ್ಣಿಗೆ ಕಾಣುತ್ತಿತ್ತು, ಅದರ ಮೇಲೆ ಹಲ್ಲಿಯಿತ್ತು, ವಾಸನೆ ಇತ್ತು. ನಾನು ಅಲುಗಾಡದೆ ಮಲಗಿದ್ದೆ.

ಹಿಂದೆ ಯಾರೋ ಉಸ್ಸೆಂದು ಮಗ್ಗಲು ಬದಲಿಸಿದರು. ತಿರುಗಿ ನೋಡಿದೆ. ನಾದಿನಿ. ಯಾವಾಗ ಬಂದು ಮಲಗಿದ್ದಳೋ ಏನೋ. ಬೆಳಗಿನಿಂದ ಓಡಾಡಿ ಸೀರೆ ಬೆನ್ನಿಗೆ ಅಂಟಿತ್ತು, ಕುತ್ತಿಗೆಯಲ್ಲಿ ಬೆವರು ಹರಿಯುತ್ತಿತ್ತು. ಬಾಗಿಲಲ್ಲಿ ಹುಡುಗಿಯರು ಅವಳಿಗೆ ಚೆನ್ನಾಗಿಯೇ ಹಚ್ಚಿದ್ದರು, ಎರಡೂ ಕೈಗೆ, ಕಿವಿಯ ಹಿಂದೆ.

ನಾನು ಮೆಲ್ಲಗೆ ಅವಳ ಭುಜದ ಹತ್ತಿರ ಮುಖ ಒಯ್ದೆ. ಅದೇ. ಡೀಸೆಲ್ಲು ಇರಲಿಲ್ಲ, ಅದರ ಬದಲು ಅರಿಷಿಣ ಇತ್ತು, ಹೊಗೆ ಇತ್ತು. ಅದರ ಕೆಳಗಿನದೆಲ್ಲ ಅದೇ.

ಅವಳು ಕಣ್ಣು ಬಿಟ್ಟಳು. “ಏನ ಮಾಡಾಕ ಹತ್ತಿ ವೈನಿ? ನಾ ಏನ ಮಾವಿನಹಣ್ಣೇನ, ಮೂಸಾಕ?”

“ಸುಮ್ಮನಿರವ್ವಾ ಒಂದೀಟ,” ಅಂದೆ. ನನ್ನ ದನಿ ಕೇಳಿ ಅವಳು ಎದ್ದು ಕುಳಿತಳು.

“ಯಾಕ? ಏನಾತ?”

“ನಿನ್ನ ಮೈಗೆ ನಿಮ್ಮಣ್ಣನ ವಾಸನಿ ಬರಾಕ ಹತ್ತೈತಿ.”

ಅವಳು ನಗಲಿಲ್ಲ. ತನ್ನ ಮುಂಗೈ ಎತ್ತಿ ಮೂಗಿಗೆ ಹಿಡಿದಳು. ಇನ್ನೊಂದು ಮುಂಗೈ ಹಿಡಿದಳು. ಸೆರಗು, ತೋಳು, ಕುಪ್ಪಸದ ಅಂಚು, ಒಂದೊಂದನ್ನೇ ಕಣ್ಣು ಮುಚ್ಚಿ ಮೂಸಿದಳು.

“ನನಗೇನೂ ಬರವಲ್ದು,” ಅಂದಳು. “ಬರೇ ಅತ್ತರ ಬರತೈತಿ. ನನ್ನ ಮೈ ನನಗ ಹೆಂಗ ತಿಳೀಬೇಕ?” ಮುಂಗೈ ಕೆಳಗಿಳಿಸಿ, “ಸಾಲಿಗೆ ಹೋಗುಮುಂದ ಹಳ್ಳ ಬಂದ್ರ ನನ್ನ ಬೆನ್ನ ಮ್ಯಾಲೆ ಹೊತಗೊಂಡ ಹೋಗತಿದ್ದ. ಮೂಗ ಅವನ ಕುತ್ತಿಗ್ಯಾಗ ಇರತಿತ್ತು. ಆದ್ರೂ ಅವಗ ಒಂದು ವಾಸನಿ ಐತಿ ಅಂತ ನನಗ ಗೊತ್ತ ಆಗಲಿಲ್ಲ ನೋಡ. ಅದು ನಮ್ಮ ಮನಿ ವಾಸನಿ ಅನಕೊಂಡಿದ್ದೆ,” ಅಂದಳು.

ನನ್ನ ಕೈ ಎಳೆದುಕೊಂಡಳು. ತನ್ನ ಮುಂಗೈಯನ್ನು ನನ್ನ ಮುಂಗೈ ಮೇಲಿಟ್ಟು ತಿಕ್ಕಿದಳು.

“ಏ, ಬ್ಯಾಡವ್ವಾ. ಯಾರರೆ ನೋಡ್ಯಾರು.”

“ನೋಡಲಿ. ನಾ ನಿನಗ ಹಚ್ಚಿಲ್ಲ. ನನ್ನ ಬೆವರ ಒರಿಸೇನಿ.” ಇನ್ನೊಂದು ಕೈಯನ್ನೂ ಹಾಗೇ ಮಾಡಿದಳು. ಆಮೇಲೂ ನನ್ನ ಕೈ ಬಿಡಲಿಲ್ಲ. ಮಗಳನ್ನು ಕಳಿಸುವ ಹೊತ್ತಿಗೆಂದು ತಡೆದಿಟ್ಟುಕೊಂಡ ಅಳು ಅಲ್ಲೇ ಬಂದುಬಿಟ್ಟಿತು ಅವಳಿಗೆ.

ಹೊರಗೆ ಯಾರೋ ಅವಳನ್ನು ಕರೆದರು. ಗಾಡಿ ಬಂದಿದೆ, ಆರತಿ ತಟ್ಟೆ ಎಲ್ಲಿ ಎಂದು ಕೇಳುತ್ತಿದ್ದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಆದರೆ ಏಳಲಿಲ್ಲ.

“ಹೆಂಗೈತಿ ಹೇಳ,” ಅಂದಳು.

“ಏನ ಹೆಂಗೈತಿ?”

“ವಾಸನಿ. ನನಗಂತೂ ಬರಂಗಿಲ್ಲ. ನೀ ಹೇಳ, ನಾ ಕೇಳತೇನಿ.”

ನಾನು ಹೆಚ್ಚು ಓದಿದವಳಲ್ಲ. ಅಂಥದ್ದನ್ನು ಯಾರಿಗೂ ಹೇಳಿ ಗೊತ್ತಿಲ್ಲ. ಅವಳ ಮುಂಗೈಯನ್ನು ಮೂಗಿನ ಹತ್ತಿರ ಹಿಡಿದುಕೊಂಡು, ಬಂದದ್ದನ್ನು ಬಂದ ಹಾಗೆ ಹೇಳತೊಡಗಿದೆ. ಬಿಸಿಲಿಗೆ ಕಾದ ತಾಮ್ರದ ಕೊಡದ ಹಾಗೆ ಐತಿ. ಹಸಿ ಕಡಲಿಗಿಡ ಹಿಚುಕಿದಾಗಿನ ಹುಳಿ ಐತಿ ಒಂದೀಟ. ತಣ್ಣನ ನೆಳ್ಳಾಗ ಕಟ್ಟಿದ ಎತ್ತಿನ ಮೈ ಐತಿ. ಅದರ ಹಿಂದ ಉಪ್ಪ, ಅದರ ಹಿಂದ ಏನೋ ಹಾಲಿನಂಥಾದ್ದು. ಅವಳು ಕಣ್ಣು ಮುಚ್ಚಿ, ಒಂದೊಂದಕ್ಕೂ ತಲೆ ಅಲ್ಲಾಡಿಸುತ್ತ ಕೇಳಿದಳು. ಹೊರಗೆ ಮತ್ತೆ ಕರೆದರು.

“ಬಂದ್ನಿ ತಡೀರಿ!” ಎಂದು ಅವಳು ಅಲ್ಲಿಂದಲೇ ಕೂಗಿ, ನನ್ನ ಕಡೆ ತಿರುಗಿ, “ಇನ್ನೊಂದ ಸಲ ಹೇಳ ವೈನಿ. ಸಾವಕಾಶ ಹೇಳ,” ಅಂದಳು.